ನಮ್ಮವನಿದ್ದ ಬ್ಯಾಂಕು

ಹುಬ್ಬಳ್ಳಿ
೮ ಏಪ್ರಿಲ್ ೨೦೨೫

ಪ್ರೀತಿಯ ತಮ್ಮ ಅಂಬರೀಷನಿಗೆ,

ಹೋದ ಸೆಪ್ಟೆಂಬರಿನಲ್ಲಿ ನೀನು ನಮ್ಮ ಯಂಕವ್ವಕ್ಕನ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ ಶೇರು ಪೇಟೆಯ ಫಂಡಿಗೆ ಹಾಕಿಸಿದೆ. ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮ ಕೇಳುತ್ತ ಕೂತರೆ ಮನಸ್ಸು ಕರಗಿ ಇದು ಉಳಿದುಹೋಗುತ್ತದೆ. ಆರೋಗ್ಯವೇ? ವಿಜಯಪುರದ ಬಿಸಿಲಿಗೆ ನಿನ್ನ ಬಿಪಿ ಹೇಗಿದೆ? ಗುಳಿಗೆ ತಪ್ಪಿಸಬೇಡ.

ನಿನ್ನೆ ಪೇಟೆ ಮತ್ತೆ ಕುಸಿಯಿತು. ಅಕ್ಕ ಫಂಡಿನ ಕಾಗದ ಹಿಡಿದು ಬಂದಳು. ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದು ನಿವೃತ್ತಳಾದಾಗ ಬಂದ ಹಣ ಅದು; ಮೊಮ್ಮಗಳು ಸುಮೇಧಾಳ ನರ್ಸಿಂಗ್ ಓದಿಗೆಂದೇ ಇಟ್ಟದ್ದು. ಶುಲ್ಕ ಕಟ್ಟಲು ಈ ತಿಂಗಳ ಮೂವತ್ತು ಕಡೆಯ ದಿನ. ಈಗ ಹಣ ತೆಗೆದರೆ ಐದರಲ್ಲೊಂದು ಪಾಲು ಹೋಗಿ ಕಡೆಯ ವರ್ಷದ ಓದಿಗೆ ಏನೂ ಉಳಿಯುವುದಿಲ್ಲ. ತೆಗೆಯದಿದ್ದರೆ ಸೀಟೇ ಹೋಗುತ್ತದೆ. ಇಳಿದದ್ದು ಏರುತ್ತದೆಂದು ನಾನೂ ಓದಿದ್ದೇನೆ. ತೊಂಬತ್ತೆರಡರಲ್ಲಿ, ಎರಡು ಸಾವಿರದ ಎಂಟರಲ್ಲಿ ಪೇಟೆ ಬಿದ್ದದ್ದೂ ಎದ್ದದ್ದೂ ನೆನಪಿದೆ. ಅದನ್ನೇ ಅಕ್ಕನಿಗೆ ವಿವರಿಸಿದೆ. ಅವಳು ಕೇಳಿದ್ದು ಒಂದೇ: “ಏರತೈತಿ ಖರೇ ತಮ್ಮಾ, ಮೂವತ್ತರೊಳಗ ಏರತೈತೇನು?”

ಪೇಟೆ ಇಳಿದದ್ದು ನಿನ್ನ ತಪ್ಪಲ್ಲ. “ಎಫ್‌ಡಿ ಇದ್ದಂಗ ಐತಿ ಅಕ್ಕಾ, ಬಡ್ಡಿ ಅಷ್ಟ ಜಾಸ್ತಿ” ಅಂದೆಯಲ್ಲ, ಅದು ತಪ್ಪು. ಅಂಚೆ ಕಚೇರಿ ನಮ್ಮ ಓಣಿಯ ಬಾಯಲ್ಲೇ ಇದೆ. ಅದನ್ನು ಬಿಟ್ಟು, ಎರಡು ಬಸ್ಸು ಬದಲಿಸಿ ಇಲ್ಲಿನ ನಿನ್ನ ಬ್ಯಾಂಕಿಗೆ ಬಂದು ಅದೇ ಫಂಡಿಗೆ ಹಣ ಹಾಕಿದ್ದು ಹನ್ನೊಂದು ಮನೆಯವರು. “ಪೋಸ್ಟಿನ್ಯಾಗ ನಮ್ಮವರು ಯಾರದಾರ?” ಎಂದು ಎದುರು ಮನೆಯ ಫಕೀರವ್ವ ಎಲ್ಲರನ್ನೂ ಕರೆದುಕೊಂಡು ಬಂದಿದ್ದಳು. ಗಾಜಿನಾಚೆ ಕುರ್ಚಿಯಲ್ಲಿ ಕೂತ ನಮ್ಮ ಓಣಿಯ ಮೊದಲಿಗ ನೀನು. ಈಗ ಅದೇ ಫಕೀರವ್ವ ನನ್ನನ್ನು ಕಂಡರೆ, “ಸಾಹೇಬರ ಅಣ್ಣಾರ, ಪ್ಯಾಟಿ ಜೋಡಿ ನಿಮ್ಮ ತಮ್ಮನ ಫೋನೂ ಬಿದ್ದೈತೇನ್ರಿ? ಹತ್ತವಲ್ದು” ಅನ್ನುತ್ತಾಳೆ.

ನೀನಾಗ ಸಣ್ಣವ. ಅಪ್ಪ ಹಣವಿಟ್ಟಿದ್ದ ಪತ್ತಿನ ಸಂಘ ಮುಳುಗಿದಾಗ ಅದರ ಅಧ್ಯಕ್ಷ ಸಿದ್ದಪ್ಪನವರು ಬೀಗ ಬಿದ್ದ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಎಂಟು ದಿನ ಕೂತಿದ್ದರು. ಬೈದವರಿಂದ ಬೈಸಿಕೊಂಡರು, ಕೇಳಿದವರಿಗೆ ಹೇಳಿದರು. ಹಣ ಬರಲಿಲ್ಲ. ಆದರೂ ಅಪ್ಪ ಸಾಯುವವರೆಗೆ ಅವರನ್ನು ಕಂಡರೆ ಕೈಮುಗಿಯುತ್ತಿದ್ದ. ನೀನು ವಿಜಯಪುರಕ್ಕೆ ವರ್ಗ ಮಾಡಿಸಿಕೊಂಡು ಹೋದೆ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಅಕ್ಕ ಇವತ್ತಿಗೂ ನಿನಗೆಂದು ಶೇಂಗಾ ಚಟ್ನಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದಾಳೆ.

ನಿನ್ನ ಅಣ್ಣ,
ರಾಜೀವ

ತಾ.ಕ.: ಫಂಡಿನ ಆ ಅರ್ಜಿಯನ್ನು ಅಕ್ಕನಿಗೆ ಓದಿ ಹೇಳಬೇಕಾದವನು ನಾನು. ಓದಲಿಲ್ಲ. “ಅಂಬರೀಷ ಕೊಟ್ಟಾನ, ಸಹಿ ಮಾಡಕ್ಕಾ” ಅಂದೆ. ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ, ಓಣಿಯೆಲ್ಲ ಬುದ್ಧವಿಹಾರದ ಮುಂದೆ ಸೇರುತ್ತದೆ. ಎರಡು ಕುರ್ಚಿ ಹಾಕಿಸುತ್ತೇನೆ. ಒಂದರಲ್ಲಿ ನಾನು ಕೂತಿರುತ್ತೇನೆ. ಇನ್ನೊಂದರಲ್ಲಿ ನೀನು ಬಂದು ಕೂತು, ಅದು ಠೇವಣಿಯಲ್ಲವೆಂದು ನಿನಗೆ ಗೊತ್ತಿತ್ತೋ ಇಲ್ಲವೋ, ಆ ಹನ್ನೊಂದು ಮನೆಯವರ ಮುಖ ನೋಡಿ ಹೇಳು.