ಆಮೇಲೆ ಅಕ್ಕನ ಎದುರಿನ ಕುರ್ಚಿ

ಗುರುವಾರ, ಮಧ್ಯಾಹ್ನ
ಬರವಣಿಗೆ ಕೇಂದ್ರದ ಹೊರಗಿನ ಬೆಂಚು

ಪ್ರೀತಿಯ ಅಮ್ಮನಿಗೆ,

ಒಂದೇ ಸೂರಿನಡಿ ಮಲಗಿ ಎದ್ದು ನಿನಗೆ ಪತ್ರ ಬರೆಯುತ್ತಿದ್ದೇನೆ. ನಗಬೇಡ. ಈ ವಾರವಿಡೀ ನಾವು ಉಪ್ಪು ಕೊಡು, ದೀಪ ಆರಿಸು ಎಂಬುದರಾಚೆ ಮಾತಾಡಿಲ್ಲ. ನಾನು ಬಾಯಿ ತೆರೆದರೆ ಭಾಷಣವಾಗುತ್ತದೆ. ನೀನು ತೆರೆದರೆ "ಕ್ರಾಂತಿ ನಾಳೆ ಮಾಡುವಂತೆ, ಮೊದ್ಲು ಹಾಲು ತಗೊಂಡ್ಬಾ" ಎನ್ನುತ್ತೀಯ.

ಹಾಡಕ್ಕನ ಪರವಾಗಿ ನಾನು ಮನವಿ ಬರೆಯುತ್ತಿರುವುದು ನಿನಗೆ ಗೊತ್ತು. ನೀನು ಮೇಲ್ವಿಚಾರಕಿಯಾಗಿರುವ ಲಾಂಡ್ರಿಯಲ್ಲೇ, ಹಾಸ್ಟೆಲಿನ ಹೊದಿಕೆಗಳಿಗೆ ಇಸ್ತ್ರಿ ಹಾಕುವ ದೊಡ್ಡ ರೋಲರಿಗೆ ಅವಳ ಬಲಗೈ ಸಿಕ್ಕಿತು. ಹಾಡುತ್ತಾ ಮೈಮರೆತಳು, ತಪ್ಪು ಅವಳದೇ ಎಂದು ಕಾಲೇಜು ಅವಳನ್ನು ಕೆಲಸದಿಂದ ತೆಗೆಯಹೊರಟಿದೆ. ನಾಳೆ ವಿಚಾರಣೆ. ಸಮಿತಿಯ ಮುಂದೆ ಓದಲು ವಿದ್ಯಾರ್ಥಿಗಳು ನನ್ನನ್ನು ಆರಿಸಿದ್ದಾರೆ. ಕಾಲೇಜೇ ನಡೆಸುವ ಈ ಕೇಂದ್ರಕ್ಕೆ ಕಾಲೇಜಿನ ವಿರುದ್ಧದ ಮನವಿ ತಿದ್ದಿಸಲು ಬಂದಾಗ ಒಳಗೊಳಗೇ ಖುಷಿಯಾಗಿತ್ತು.

ಇಲ್ಲಿ ಯಾರೂ ತಿದ್ದಿಕೊಡುವುದಿಲ್ಲ ಅಮ್ಮ. ಬರೆದವರೇ ಗಟ್ಟಿಯಾಗಿ ಓದಬೇಕು, ಪೆನ್ನು ಅವರ ಕೈಯಲ್ಲೇ ಇರಬೇಕು. ಎದುರಿಗೆ ಕೂರುವವಳು ಕೊನೆಯ ವರ್ಷದ ಹುಡುಗಿ. ಸದಾ ನೆಗಡಿ, ಮೊಣಕೈ ಸವೆದ ಸ್ವೆಟರ್. ನಮ್ಮ ಹಾಳೆ ಮುಟ್ಟುವ ಚಪಲ ಹುಟ್ಟಬಾರದೆಂದು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. "ಆಮೇಲೆ?" ಎಂದು ಕೇಳುವುದೇ ಅವಳ ಕೆಲಸ. ಎಲ್ಲರಿಗೂ ಅವಳು ಆಮೇಲೆ ಅಕ್ಕ.

"ಶೋಷಣೆಯ ಉಕ್ಕಿನ ದವಡೆ ಮತ್ತೊಬ್ಬ ದುಡಿಯುವ ಹೆಣ್ಣಿನ ಕೈ ನುಂಗಿತು" ಎಂದು ಓದಿದೆ. ನನಗೇ ಮೈ ಜುಮ್ಮೆಂದಿತು. ಅವಳು ಮೂಗು ಒರೆಸಿಕೊಂಡು, "ದವಡೆ ಅಂದ್ರೆ ರೋಲರಾ? ಅಷ್ಟು ಹತ್ರ ಕೈ ಹೋಗೋ ಹಾಗೆ ಬಿಟ್ಟಿರ್ತಾರಾ?" ಎಂದಳು. ಇಲ್ಲ, ಅಡ್ಡಲಾಗಿ ಒಂದು ಕಂಬಿ ಇರುತ್ತದೆ, ಕೈ ತಾಗಿದರೆ ಸಾಕು ಮೆಷಿನ್ ನಿಲ್ಲುತ್ತದೆ ಎಂದೆ. "ಆಮೇಲೆ? ಅವತ್ತು ಯಾಕೆ ನಿಲ್ಲಲಿಲ್ಲ?"

ನನಗೆ ಸಿಟ್ಟು ಬಂತು. ನೀವು ಯಾರ ಪರ ಎಂದು ಕೇಳಿಯೇಬಿಟ್ಟೆ. "ಕೇಳಿಸ್ಕೊಳ್ಳೋರ ಪರ ಕಣಮ್ಮ. ನಾಳೆ ಅವರೂ ಇದನ್ನೇ ಕೇಳ್ತಾರಲ್ಲ" ಎಂದಳು.

ಯಾಕೆ ನಿಲ್ಲಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವತ್ತು ಸಂಜೆ, ಅಪಘಾತದ ಸುದ್ದಿ ನಮ್ಮನ್ನು ಮುಟ್ಟುವ ಮೊದಲು, ನನ್ನ ಜೊತೆ ನಡೆಯುತ್ತಾ ನೀನೇ ಹೇಳಿದ್ದೆ. ದಪ್ಪ ಮಡಿಕೆ ತಾಗಿದರೂ ಆ ಕಂಬಿ ಮೆಷಿನ್ ನಿಲ್ಲಿಸಿಬಿಡುತ್ತದೆ, ಅದಕ್ಕೇ ತಂತಿ ಸುತ್ತಿ ಮೇಲಕ್ಕೆ ಕಟ್ಟಿಬಿಟ್ಟೆ, ಕೆಲಸ ಹೇಗೆ ಓಡಿತು ಗೊತ್ತಾ ಎಂದು ನಗುತ್ತಿದ್ದೆ. ಮಾರನೆಯ ದಿನ ಸಮಿತಿಯವರು ಬಂದು ನೋಡಿದಾಗ ಕಂಬಿ ತನ್ನ ಜಾಗದಲ್ಲೇ ಇತ್ತು. ತಂತಿ ಇರಲಿಲ್ಲ. ಕಂಬಿ ಮೇಲಕ್ಕೆ ಕಟ್ಟಿತ್ತು ಎಂಬ ಹಾಡಕ್ಕನ ಮಾತನ್ನು ಯಾರೂ ನಂಬುತ್ತಿಲ್ಲ. ಉಳಿದವರು ನಿನ್ನ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ.

ನಾನು ಓದಿದ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿಲ್ಲ. ಅವುಗಳಲ್ಲಿ ಶತ್ರುವಿಗೆ ಮುಖವೇ ಇರುವುದಿಲ್ಲ. ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುವ ಕೈಯಂತೂ ಇರುವುದೇ ಇಲ್ಲ. ನಿಜ ಓದಿದರೆ ನಿನ್ನ ಕೆಲಸ ಹೋಗುತ್ತದೆ. ನಾವಿರುವ ಎರಡು ಕೋಣೆ ಆ ಕೆಲಸದ ಜೊತೆ ಬಂದದ್ದು, ನನ್ನ ಸೀಟೂ ಅಷ್ಟೇ. ದವಡೆಯನ್ನೇ ಓದಿದರೆ ಸಮಿತಿಯವರು ಚೆನ್ನಾಗಿ ಬರೆದಿದ್ದೀಯ ಎಂದು ಬೆನ್ನು ತಟ್ಟಿ ಹಾಡಕ್ಕನನ್ನು ಮನೆಗೆ ಕಳಿಸುತ್ತಾರೆ. ನಿಜವನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ, ಎರಡೂ ಹಾಳೆ ಚೀಲದಲ್ಲಿವೆ. ಈ ಬೆಂಚಿನಿಂದ ನಿನ್ನ ಲಾಂಡ್ರಿಯ ಹಬೆ ಕೊಳವೆ ಕಾಣುತ್ತದೆ. ಎದ್ದು ಹೋಗೋಣವೆಂದರೆ ಯಾವ ಕಡೆ ಹೋಗಲಿ?

ನಾಲ್ಕು ಗಂಟೆಗೆ ಮತ್ತೆ ನನ್ನ ಸರದಿ. ಇನ್ನೊಬ್ಬರನ್ನು ಕರೆತರಬಹುದೇ ಎಂದು ಆಮೇಲೆ ಅಕ್ಕನನ್ನು ಕೇಳಿದೆ. "ಬರೆಯೋಕಾದ್ರೆ ಬರ್ಲಿ, ಕಾವಲು ಕಾಯೋಕಾದ್ರೆ ಬೇಡ" ಎಂದಳು. ಬಾ ಅಮ್ಮ. ಕಂಬಿಯ ಮಾತು ನನ್ನ ಬಾಯಿಂದ ಬಂದರೆ ಅದು ಚಾಡಿ. ನೀನೇ ಹೇಳಿದರೆ ಹಾಡಕ್ಕ ನಿನ್ನ ಮುಖ ನೋಡಿ ಮಾತಾಡುವ ದಿನ ಎಂದಾದರೂ ಬಂದೀತು. ಪೆನ್ನು ನಿನ್ನ ಕೈಯಲ್ಲೇ ಇರುತ್ತದೆ, ಯಾರೂ ಕಸಿಯುವುದಿಲ್ಲ. ಈ ಪತ್ರವನ್ನು ಲಾಂಡ್ರಿಯ ಕಿಟಕಿಯಲ್ಲಿ ನಿನ್ನ ಕೈಗೇ ಕೊಟ್ಟು, ಮುಖ ನೋಡದೆ ಓಡಿಬರುತ್ತೇನೆ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಮಗಳು

ತಾ.ಕ.: ಆಮೇಲೆ ಅಕ್ಕ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. "ಅವತ್ತೇ ಯಾಕೆ ಅಷ್ಟು ಅವಸರ?" ಗೊತ್ತಿಲ್ಲ ಎಂದೆ. ಸುಳ್ಳು. ಅವತ್ತು ಸಭಾಂಗಣದಲ್ಲಿ ದುಡಿಯುವವರ ಹಕ್ಕಿನ ಬಗ್ಗೆ ನನ್ನ ಮೊದಲ ಭಾಷಣವಿತ್ತು. ಯಾವಾಗ ನೋಡಿದರೂ ಕೆಲಸ ಎನ್ನುತ್ತೀಯ, ಇವತ್ತು ಬರದಿದ್ದರೆ ನಿನ್ನ ಹತ್ತಿರ ಮಾತೇ ಆಡುವುದಿಲ್ಲ ಎಂದು ಬೆಳಗ್ಗೆ ಹಟ ಹಿಡಿದಿದ್ದೆ. ಮಾತು ಮುಗಿಸಿ ತಲೆಯೆತ್ತಿದರೆ, ಕೊನೆಯ ಸಾಲಿನಲ್ಲಿ ನೀನು, ಒದ್ದೆ ತೋಳಿನಲ್ಲೇ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ. ಆ ಹೊತ್ತಿಗೆ ಹಾಡಕ್ಕನ ಕೈ ರೋಲರಿಗೆ ಸಿಕ್ಕಾಗಿತ್ತು. ನಾಲ್ಕು ಗಂಟೆಗೆ ಮೊದಲು ಆ ಉತ್ತರವನ್ನು ಬರೆಯುತ್ತೇನೆ. ನೀನು ಬಂದರೂ, ಬರದಿದ್ದರೂ.