ಎಂಟನೆಯ ಜಾಗ

ಬಸವಕಲ್ಯಾಣ
೮.೬.೧೯೮೯

ಮಾನ್ಯ ಮಹಾರುದ್ರಪ್ಪ ಸಾಹೇಬರಿಗೆ ನಮಸ್ಕಾರ.

“ಕಂಪ್ಯೂಟರ್ ಒಮ್ಮಿಗೆ ಎಂಟೇ ಮಂದೀನ ಒಳಗ ಬಿಡ್ತದ. ಭರ್ತಿ ಆಗ್ಯಾದ, ನಿಮಗ ಜಾಗಾ ಇಲ್ರಿ ಅಕ್ಕಾ,” ಎಂದು ನಮ್ಮ ಹುಮನಾಬಾದ್ ಆಫೀಸಿನ ವೈಜನಾಥ ನಿನ್ನೆ ಹೇಳಿಹೋದ. ಹೆರಿಗೆ ರಜೆ ಮುಗಿದರೂ ಕೆಲಸವಿಲ್ಲವೇ ಎಂದು ನಿದ್ದೆ ಹತ್ತಲಿಲ್ಲ. ಕೂಸನ್ನು ತೂಗುತ್ತಾ ಹೆಸರು ಹಿಡಿದು ಎಣಿಸಿದೆ: ಪರದೆಗಳ ಮುಂದೆ ಕೂತವರು ಏಳೇ ಮಂದಿ! ಎಂಟನೆಯವರು ಯಾರೆಂದು ಈಗ ಹೊಳೆಯಿತು ಸಾಹೇಬ್ರೆ, ನಾನೇ!

ರಜೆಗೆ ಹೋಗುವ ದಿನ, ರೈತರ ಪಟ್ಟಿ ತಾನಾಗಿ ನಕಲಾಗುತ್ತಿರಲೆಂದು ಕಂಪ್ಯೂಟರಿಗೆ ಒಂದು ಕೆಲಸ ಹಚ್ಚಿ ಬಂದಿದ್ದೆ. ಅದು ಯಾರ ಪರದೆಯಲ್ಲೂ ಕಾಣದೆ, ನನ್ನ ಹೆಸರಿನಲ್ಲಿ ಒಂದು ಜಾಗ ಹಿಡಿದು ಮೂರು ತಿಂಗಳಿಂದ ಓಡುತ್ತಿದೆ.

ಸೋಮವಾರ ಬಂದು ಅದನ್ನು ನಿಲ್ಲಿಸಿ ಅಲ್ಲೇ ಕೂಡುತ್ತೇನೆ. ಮೂಲೆಯಲ್ಲಿ ಕೂಸಿನ ಜೋಳಿಗೆ ಕಟ್ಟಲು ಒಂದು ಕೊಂಡಿ ಹಾಕಿಸಿರಿ. ಅವಳು ಎಂಟರ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸಕ್ಕೆ ಹಾಜರಾಗುವ,
ಕಸ್ತೂರಿಬಾಯಿ