ಒದ್ದೆ ಬಟ್ಟೆ

ಪ್ರೀತಿಯ ಅತ್ತಿಗೆಗೆ,

ಆಸ್ಪತ್ರೆಗೆ ಬಂದು ನೋಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಬಾಗಿಲವರೆಗೂ ಬಂದು, ಮುಖ ತೋರಿಸಲಾಗದೆ ವಾಪಸು ಹೋದೆ.

ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ ಎಂದು ನಮ್ಮ ಕಾರ್ಖಾನೆಯ ಹೊಲಿಗೆ ಹಾಲ್‌ನಲ್ಲಿ ಥರ್ಮಾಮೀಟರ್ ತೂಗುಹಾಕಿದರಲ್ಲ, ಅದು ಮೂವತ್ತೆಂಟು ದಾಟಿದರೆ ಮಿಷನ್ ನಿಲ್ಲಿಸಿ ಎಲ್ಲರನ್ನೂ ನೆರಳಿಗೆ ಕಳಿಸುವುದು ಸೂಪರ್‌ವೈಸರ್ ಆದ ನನ್ನ ಕೆಲಸ. ಸೋಮವಾರ ಸಂಜೆಯೊಳಗೆ ಸರಕು ಹೋಗಬೇಕಿತ್ತು. "ಇವತ್ತೊಂದಿನ ಹೇಗಾದ್ರೂ ನೋಡ್ಕೊಳಮ್ಮ" ಎಂದರು ಮ್ಯಾನೇಜರ್. ಅಂಕಿ ಮೇಲೇರದಿರಲೆಂದು ನಾನು ಯಾರಿಗೂ ಕಾಣದಂತೆ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದೆ.

ಮಧ್ಯಾಹ್ನ ನೀವೇ ಕೇಳಿದಿರಿ: "ಏನೇ, ತಲೆ ಸುತ್ತುತ್ತಿದೆ. ಇನ್ನೂ ಮೂವತ್ತೆಂಟಾಗಿಲ್ವಾ?"

"ಮೂವತ್ತಾರೇ ಅತ್ತಿಗೆ. ನಿಮಗೆ ವಯಸ್ಸಾಯ್ತು, ಅಷ್ಟೇ" ಎಂದು ತಮಾಷೆ ಮಾಡಿದೆ. ನೀವು ನನ್ನ ಮಾತು ನಂಬಿ, ನಕ್ಕು, ಮತ್ತೆ ಹೊಲಿಯಲು ಕೂತಿರಿ. ಹತ್ತು ನಿಮಿಷದಲ್ಲಿ ಮಿಷನ್ ಮೇಲೆಯೇ ಕುಸಿದುಬಿದ್ದಿರಿ.

ನಾಳೆ ಮ್ಯಾನೇಜರ್ ಹಣ್ಣು ಹಿಡಿದುಕೊಂಡು ಬರುತ್ತಾರೆ. ಜೊತೆಗೆ ಒಂದು ಕಾಗದವನ್ನೂ ತರುತ್ತಾರೆ. ನೀವು ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಬಂದದ್ದರಿಂದ ಬಿದ್ದಿರಿ ಎಂದು ಅದರಲ್ಲಿದೆ. ದಯವಿಟ್ಟು ಸಹಿ ಹಾಕಬೇಡಿ. ಅಕ್ಷರ ನೋಡಿದರೆ ನಿಮಗೇ ಗುರುತು ಸಿಗುತ್ತದೆ, ಬರೆದವಳು ನಾನೇ. ಅವತ್ತು ಬೆಳಿಗ್ಗೆ ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದಿದ್ದೆವು ಎನ್ನುವುದು ಗೊತ್ತಿದ್ದೂ ಬರೆದೆ.

ಕಾರ್ಮಿಕ ಇಲಾಖೆಯ ತಪಾಸಣೆಯವರು ಬಂದಾಗ ಈ ಪತ್ರ ಅವರ ಕೈಗೆ ಕೊಡಿ. ನನ್ನ ಕೆಲಸ ಹೋಗುತ್ತದೆಂದು ನೀವು ಇದನ್ನು ಹರಿದುಹಾಕುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು. ಅದಕ್ಕೇ ಇನ್ನೊಂದು ಪ್ರತಿಯನ್ನು ಇಂದು ಅವರಿಗೇ ಅಂಚೆಗೆ ಹಾಕಿದ್ದೇನೆ.

ನೀರು ಕುಡಿಯುತ್ತಿರಿ.

ನಿಮ್ಮ ನಾದಿನಿ